ಈಶಾನ್ಯ ಮೂಲೆಯ ಕಾಂಕ್ರೀಟು

ಶನಿವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಸೈಮಿ ಕಾರ್ಪಿನೆನ್ ಬಲಗೈಯ ಗವಸನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಂದು ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದಳು. ಪೇಟೆಯ ಬಸ್ಸಿನಿಂದ ಇಳಿದು ಹಿಮದ ದಾರಿಯಲ್ಲಿ ಮುಕ್ಕಾಲು ಕಿಲೋಮೀಟರು ನಡೆದು ಬಂದವಳು ಮನೆಯೊಳಗೆ ಕಾಲಿಡದೆ, ಮನೆಯ ಬಡಗಣ ಗೋಡೆಗೆ ಆತುಕೊಂಡು ನಿಂತಿದ್ದ ತಾರ್ಪಾಲಿನ ಡೇರೆಗೆ ನೇರವಾಗಿ ನುಗ್ಗಿದ್ದಳು. ೧೯೭೪ರ ಫೆಬ್ರವರಿ ಹದಿನಾರು. ಅಡುಗೆಮನೆ ಕಿಟಕಿಯ ಹೊರಗಿನ ಥರ್ಮಾಮೀಟರು ಸೊನ್ನೆಯಿಂದ ಮೂವತ್ತೊಂದು ಡಿಗ್ರಿ ಕೆಳಗಿತ್ತು.

ಡೇರೆಯ ಒಳಗೆ ನಿನ್ನೆ ಬೆಳಿಗ್ಗೆ ಸುರಿದ ಕಾಂಕ್ರೀಟಿನ ನೆಲವಿತ್ತು. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಹನ್ನೆರಡು ಸೆಂಟಿಮೀಟರು ದಪ್ಪ. ಬಾಗಿಲ ಪಕ್ಕದಲ್ಲಿ ಹಳೆಯ ಕಬ್ಬಿಣದ ಒಲೆ ಉರಿಯುತ್ತಿತ್ತು, ಅದರ ಹೊಗೆಕೊಳವೆ ತಾರ್ಪಾಲನ್ನು ತೂರಿಕೊಂಡು ಹೊರಗೆ ಹೋಗಿತ್ತು. ಒಲೆಯ ಮುಂದೆ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಅವಳ ಗಂಡನ ಅಣ್ಣ ನೆಸ್ಟೋರಿ ಬರೀ ಅಂಗಿಯಲ್ಲಿ ಬೆವರುತ್ತ ಕೂತಿದ್ದ.

ನೋಟ್‌ಬುಕ್ಕಿನ ಎಡಕ್ಕೆ ಗಂಟೆ, ಬಲಕ್ಕೆ ಡಿಗ್ರಿ. ಬೆಳಿಗ್ಗೆ ಆರಕ್ಕೆ ಎಂಟು. ಏಳಕ್ಕೆ ಎಂಟು. ಎಂಟಕ್ಕೆ ಏಳು. ಒಂಬತ್ತಕ್ಕೆ ಮೂವತ್ತೆಂಟು. ಹತ್ತಕ್ಕೆ ನಲವತ್ತೊಂದು. ಅಲ್ಲಿಂದ ಮುಂದೆ ಎಲ್ಲವೂ ನಲವತ್ತರ ಆಸುಪಾಸು.

"ಭಾವ, ಒಂಬತ್ತು ಗಂಟೆಗೆ ಏನಾಯ್ತು?"

"ಏನಾಗುತ್ತೆ? ಒಲೆ ಚೆನ್ನಾಗಿ ಹತ್ತಿಕೊಳ್ತು. ನಲವತ್ತು ಕಣಮ್ಮ, ನಲವತ್ತು! ನಿನ್ನೆ ನಿನ್ನ ಕೈಲಿ ಹನ್ನೆರಡು ದಾಟಿಸೋಕೆ ಆಗಿರಲಿಲ್ಲ."

ಸೈಮಿ ತಲೆಯೆತ್ತಿದಳು. ಡೇರೆಯ ಕಂಬಕ್ಕೆ ಮೊಳೆ ಹೊಡೆದು ಮರದ ಹಲಗೆಯ ಥರ್ಮಾಮೀಟರೊಂದನ್ನು ನೇತುಹಾಕಿತ್ತು. ಅದು ನೆಸ್ಟೋರಿಯ ಸೌನಾದ್ದು. ಆ ಊರಿನ ಪ್ರತಿ ಮನೆಗೂ ಒಂದು ಸೌನಾ ಉಂಟು. ಮರದ ಪುಟ್ಟ ಕೋಣೆ, ಒಲೆಯ ಮೇಲೆ ಕಾದ ಕಲ್ಲುಗಳ ರಾಶಿ, ಕಲ್ಲಿಗೆ ನೀರೆರಚಿದರೆ ಏಳುವ ಆವಿ. ಮೇಲಿನ ಹಲಗೆಯಲ್ಲಿ ಕೂತವನ ತಲೆಯ ಮಟ್ಟಕ್ಕೆ ಥರ್ಮಾಮೀಟರು ಹಾಕುವುದು ರೂಢಿ. ನೆಸ್ಟೋರಿಯ ಕೈ ಮೊಳೆ ಹೊಡೆಯಲು ಆ ಎತ್ತರವನ್ನು ತಾನಾಗಿ ಹುಡುಕಿಕೊಂಡಿತ್ತು.

"ಸೌನಾದಲ್ಲಿ ನಿನ್ನ ಪಾದ ಎಲ್ಲಿರುತ್ತೆ ಭಾವ?"

"ಕೆಳಗೆ."

"ಪಾದಕ್ಕೆ ಬಿಸಿ ಆಗುತ್ತಾ?"

"ಎಲ್ಲಿ ಆಗುತ್ತೆ? ನಮ್ಮಪ್ಪ ಸೌನಾದಲ್ಲೂ ಕಾಲುಚೀಲ ಹಾಕ್ಕೊಂಡೇ—" ಎಂದವನು ನಗಲು ಹೋಗಿ ಅರ್ಧಕ್ಕೆ ನಿಂತ. ಅವನ ಕಣ್ಣು ನೆಲದ ಕಡೆಗೆ ಇಳಿಯಿತು. ಕಾಂಕ್ರೀಟು ಮಲಗಿದ್ದದ್ದು ಪಾದದ ಜಾಗದಲ್ಲಿ.

ಫಿನ್‌ಲೆಂಡಿನ ಉತ್ತರಕ್ಕೆ, ಕೈನೂ ಸೀಮೆಯ ಹೊಂಕವಾರ ಎಂಬ ಏಳು ಮನೆಯ ಊರಿನಲ್ಲಿ ಚಳಿಗಾಲದಲ್ಲಿ ಯಾರೂ ಕಾಂಕ್ರೀಟು ಸುರಿಯುವುದಿಲ್ಲ. ಸೈಮಿಗೆ ಬೇರೆ ದಾರಿ ಇರಲಿಲ್ಲ. ಅವಳ ಗಂಡ ಓಸ್ಮೊ ಕಾಡಿನಲ್ಲಿ ಮರ ಕಡಿಯುವವನು. ಸೆಪ್ಟೆಂಬರಿನಲ್ಲಿ ಮನೆಗೆ ಸೌನಾ ಸಮೇತ ಒಂದು ಬಚ್ಚಲುಕೋಣೆ ಸೇರಿಸಬೇಕೆಂದು ತಾನೇ ಕಲ್ಲಿನ ತಳಪಾಯ ಕಟ್ಟಿ, ಒಳಗೆ ಜಲ್ಲಿ ತುಂಬಿ, ಮನೆಯ ನೆಲದ ಮಟ್ಟಕ್ಕೆ ತಂದು ನಿಲ್ಲಿಸಿದ್ದ. ನವೆಂಬರ್ ಎರಡರಂದು ಒಂದು ಸ್ಪ್ರೂಸ್ ಮರ ಅವನು ಅಂದುಕೊಂಡ ದಿಕ್ಕಿಗೆ ಬೀಳಲಿಲ್ಲ. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು.

ಮನೆಯ ಪಾಯಿಖಾನೆ ಅಂಗಳದ ಆಚೆ. ಸೌನಾ ಇಳಿಜಾರಿನಲ್ಲಿ ಎಂಬತ್ತು ಮೀಟರು ಕೆಳಗೆ, ಸರೋವರದ ದಂಡೆಯಲ್ಲಿ. ಗಾಲಿಕುರ್ಚಿ ಅಲ್ಲಿಗೆ ಹೋಗಲಾರದು. ಈ ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸೈಮಿ ಒಂದು ಕಾಗದಕ್ಕೆ ಸಹಿ ಹಾಕಿ ಬಂದಿದ್ದಳು. ಮಾರ್ಚ್ ಹದಿನೈದರೊಳಗೆ ಮನೆಯ ಮಟ್ಟದಲ್ಲೇ, ಮೆಟ್ಟಿಲಿಲ್ಲದ, ಬೆಚ್ಚಗಿನ ಬಚ್ಚಲು ಸಿದ್ಧವಿದ್ದರೆ ಓಸ್ಮೊ ಮನೆಗೆ. ಇಲ್ಲವಾದರೆ ನೂರ ತೊಂಬತ್ತು ಕಿಲೋಮೀಟರು ದೂರದ ದೀರ್ಘ ಆರೈಕೆಯ ವಾರ್ಡಿಗೆ. ಅಲ್ಲಿ ಅವನ ಹೆಸರಿಗೆ ಒಂದು ಹಾಸಿಗೆ ಕಾದಿತ್ತು. ಅಲ್ಲಿಗೆ ಹೋದವರ ಕಾಗದ ಮತ್ತೆ ವೈದ್ಯರ ಮೇಜಿಗೆ ಬರುವುದು ವರ್ಷಕ್ಕೊಮ್ಮೆ.

"ಇಲ್ಲಿ ನನ್ನನ್ನ ಕಾರು ತೊಳೆದ ಹಾಗೆ ತೊಳೀತಾರೆ ಸೈಮಿ," ಎಂದಿದ್ದ ಓಸ್ಮೊ. "ಮುಂದೆ, ಹಿಂದೆ, ಆಮೇಲೆ ಚಕ್ರ."

ಮರದ ಗೋಡೆಗಳನ್ನು ನೆಸ್ಟೋರಿ ಆಗಲೇ ಕೊಟ್ಟಿಗೆಯಲ್ಲಿ ಹೊಂದಿಸಿ ಇಟ್ಟಿದ್ದ. ಎಬ್ಬಿಸಿ ನಿಲ್ಲಿಸುವುದಷ್ಟೇ ಬಾಕಿ. ಆದರೆ ಅವು ನಿಲ್ಲಬೇಕಾದ್ದು ಈ ನೆಲದ ಮೇಲೆ, ಮತ್ತು ಈ ನೆಲಕ್ಕೆ ಎರಡನೆಯ ಅವಕಾಶವಿರಲಿಲ್ಲ. ಅಂಗಡಿಯಲ್ಲಿ ಇದ್ದದ್ದೇ ಹತ್ತು ಮೂಟೆ ಸಿಮೆಂಟು. ಮುಂದಿನ ಲಾರಿ ಬರುವುದು ಹಿಮ ಕರಗಿದ ಮೇಲೆ.

ಸೈಮಿಗೆ ಕಾಂಕ್ರೀಟು ಹೊಸದಲ್ಲ. ಹದಿನೇಳನೆಯ ವಯಸ್ಸಿನಲ್ಲಿ ನದಿಯ ಅಣೆಕಟ್ಟಿನ ಕೆಲಸಕ್ಕೆ ಪಾತ್ರೆ ತೊಳೆಯಲು ಸೇರಿದವಳು ಅವಳು. ತೊಳೆದ ಪಾತ್ರೆಯಲ್ಲಿ ಒಂದೂ ಕಳೆಯುವುದಿಲ್ಲ, ಒಂದೂ ನೆಗ್ಗುವುದಿಲ್ಲ ಎಂದು ನೋಡಿದ ಎಂಜಿನಿಯರ್ ಲಾಗುಸ್ ಅವಳನ್ನು ಪ್ರಯೋಗಾಲಯದ ಅಚ್ಚುಗಳನ್ನು ತೊಳೆಯಲು ಕರೆದುಕೊಂಡರು. ಎರಡು ವರ್ಷದಲ್ಲಿ ಅಚ್ಚು ತುಂಬುವುದನ್ನೂ, ಗಟ್ಟಿಯಾದ ಕಾಂಕ್ರೀಟಿನ ಘನಗಳನ್ನು ಯಂತ್ರದಲ್ಲಿ ಒತ್ತಿ ಒಡೆಯುವುದನ್ನೂ ಕಲಿತಳು. ಹನ್ನೊಂದು ವರ್ಷ ಅದೇ ಕೆಲಸ. ಲಾಗುಸ್ ಅವರದ್ದು ಒಂದೇ ಕಟ್ಟಳೆ: ಯಂತ್ರ ಹೇಳುವ ಮೊದಲು ನೀನು ಅಂಕಿ ಹೇಳು, ಗಟ್ಟಿಯಾಗಿ ಹೇಳು. ಮನಸ್ಸಿನಲ್ಲೇ ಇಟ್ಟುಕೊಂಡ ಅಂಕಿಯನ್ನು ಆಮೇಲೆ ತಿದ್ದಿಕೊಳ್ಳಬಹುದು. ಬಾಯಿಂದ ಹೊರಬಿದ್ದದ್ದನ್ನು ತಿದ್ದಲಾಗದು. ಕೆಲಸ ಮುಗಿದು ಹೊರಡುವಾಗ ಅರ್ಧರ್ಧ ಡಿಗ್ರಿಗೂ ಗೆರೆಯಿದ್ದ ತಮ್ಮ ಗಾಜಿನ ಥರ್ಮಾಮೀಟರನ್ನು ಅವರು ಅವಳಿಗೆ ಕೊಟ್ಟಿದ್ದರು.

ಆ ಥರ್ಮಾಮೀಟರೇ ಈ ನೆಲಕ್ಕೂ. ಒಲೆಯಿಂದ ಅತಿ ದೂರದ ಈಶಾನ್ಯ ಮೂಲೆಯಲ್ಲಿ ಅವಳು ಹಸಿ ಕಾಂಕ್ರೀಟಿಗೆ ಒಂದು ತಾಮ್ರದ ಕೊಳವೆ ನೆಟ್ಟು ಅದರಲ್ಲಿ ಎಣ್ಣೆ ತುಂಬಿದ್ದಳು. ಗಂಟೆಗೊಮ್ಮೆ ಮಂಡಿಯೂರಿ ಥರ್ಮಾಮೀಟರು ಇಳಿಸಿ ಡಿಗ್ರಿ ನೋಡಬೇಕು. ಪ್ರಯೋಗಾಲಯದ ಸೂತ್ರದಂತೆ ಅದಕ್ಕೆ ಹತ್ತು ಸೇರಿಸಬೇಕು. ಹೀಗೆ ಬಂದ ಅಂಕಿಗಳನ್ನು ಗಂಟೆಗಂಟೆಗೂ ಕೂಡುತ್ತ ಹೋಗಬೇಕು. ಕಾಂಕ್ರೀಟು ಎಷ್ಟು ಬಲಿತಿದೆ ಎಂಬುದಕ್ಕೆ ಆ ಮೊತ್ತವೇ ಅಳತೆ. ಎಲ್ಲಕ್ಕಿಂತ ತಣ್ಣಗಿರುವ ಜಾಗದ ಲೆಕ್ಕವೇ ಇಡೀ ನೆಲದ ಲೆಕ್ಕ.

"ಎಷ್ಟಾಗಬೇಕು?" ಎಂದು ಶುಕ್ರವಾರ ಕರಣೆ ತೊಳೆಯುತ್ತ ನೆಸ್ಟೋರಿ ಕೇಳಿದ್ದ.

"ಈ ಮಿಶ್ರಣಕ್ಕೆ ಸಾವಿರ. ಸಾವಿರ ಆದ್ಮೇಲೆ ಹೆಪ್ಪುಗಟ್ಟಿದ್ರೂ ಚಿಂತೆ ಇಲ್ಲ. ಅದಕ್ಕೆ ಮೊದಲು ಒಂದು ಸಲ ಹೆಪ್ಪುಗಟ್ಟಿದ್ರೂ ಮುಗೀತು. ಒಳಗಿನ ನೀರು ಉಬ್ಬಿ ಎಲ್ಲಾ ಬಿಡಿಸಿ ಹಾಕುತ್ತೆ. ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ಬೇಸಿಗೆಗೆ ಬಿಸ್ಕತ್ತಿನ ಹಾಗೆ ಉದುರುತ್ತೆ."

"ಒಂದೆರಡು ಹಿಡಿ ಉಪ್ಪು ಹಾಕಿದ್ರೆ ಮುಗಿದುಹೋಗ್ತಿತ್ತು. ನಮ್ಮ ಕೊಟ್ಟಿಗೆಗೆ ಹಾಗೇ ಮಾಡಿದ್ದು."

"ನಿನ್ನ ಕೊಟ್ಟಿಗೆಯೊಳಗಿನ ಕಬ್ಬಿಣ ಈಗ ಹೆಂಗಿದೆ, ಹೋಗಿ ನೋಡಿದೀಯಾ? ಉಪ್ಪು ಮೀನಿಗಿರಲಿ ಭಾವ."

ಶುಕ್ರವಾರ ಬೆಳಿಗ್ಗೆ ಹನ್ನೊಂದರಿಂದ ಶನಿವಾರ ಬೆಳಿಗ್ಗೆ ಆರರವರೆಗೆ ಅವಳೇ ಕಾದಳು. ಮೊತ್ತ ಮುನ್ನೂರ ಅರವತ್ತೊಂದು. ಆಮೇಲೆ ನೋಟ್‌ಬುಕ್ಕನ್ನು ಭಾವನ ಕೈಗಿತ್ತು ಬಸ್ಸು ಹತ್ತಿದ್ದಳು.

"ಅದೆಲ್ಲಿ?" ಎಂದು ಈಗ ಕೇಳಿದಳು. ಏನನ್ನು ಕೇಳುತ್ತಿದ್ದಾಳೆಂದು ನೆಸ್ಟೋರಿಗೆ ಗೊತ್ತಿತ್ತು. ಅವನು ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ. ಒಳಗೆ ಗಾಜಿನ ಚೂರುಗಳಿದ್ದವು.

"ಒಂಬತ್ತಕ್ಕೆ ಕಟ್ಟಿಗೆ ತರೋಕೆ ಎದ್ದೆ. ಬೂಟಿನ ಕೆಳಗೆ ಸಿಕ್ತು." ಅರವತ್ತರ ಗಂಡಸು ತಲೆ ತಗ್ಗಿಸಿ ನಿಂತಿದ್ದ. "ಹೇಳೋಣ ಅಂದ್ರೆ ನೀನು ಬಸ್ಸಲ್ಲಿ. ಸರಿ, ನಮ್ಮದನ್ನ ತಂದೆ. ಒಂದು ಥರ್ಮಾಮೀಟರು ಇನ್ನೊಂದರ ಹಾಗೇ ಅಲ್ವಾ ಅಂದ್ಕೊಂಡೆ."

ಸೈಮಿ ಬೈಯಲಿಲ್ಲ. ಬೈಯಲು ಬೇಕಾದ ಹೊತ್ತು ಅವಳ ಹತ್ತಿರ ಇರಲಿಲ್ಲ. ಮೂಲೆಗೆ ಹೋಗಿ ಮಂಡಿಯೂರಿ, ಹೊದೆಸಿದ್ದ ಹುಲ್ಲನ್ನು ಸರಿಸಿ ಅಂಗೈ ಊರಿದಳು. ತಣ್ಣಗಿತ್ತು. ಆದರೆ ಮುಕ್ಕಾಲು ಕಿಲೋಮೀಟರು ನಡೆದು ಬಂದ ಅಂಗೈಗೆ ಎರಡು ಡಿಗ್ರಿಗೂ ಸೊನ್ನೆಗೂ ಅಂತರ ತಿಳಿಯುವುದಿಲ್ಲ. ಜ್ವರದ ಥರ್ಮಾಮೀಟರು ಮೂವತ್ತೈದರಿಂದ ಶುರು. ಸೌನಾದ್ದು ಇಪ್ಪತ್ತರಿಂದ.

ಅವಳು ಎದ್ದು ಹೊರಗೆ ಓಡಿದಳು. ಅಡುಗೆಮನೆ ಕಿಟಕಿಯ ಚೌಕಟ್ಟಿನಿಂದ ಹೊರಗಿನ ಥರ್ಮಾಮೀಟರನ್ನು ಮೊಳೆ ಸಮೇತ ಕಿತ್ತು ತಂದಳು. ಅದನ್ನು ಮೂಲೆಯ ಕಾಂಕ್ರೀಟಿಗೆ ತಾಗಿಸಿ ಇಟ್ಟು, ಮೇಲೆ ತನ್ನ ಉಣ್ಣೆಯ ಶಾಲು ಹೊದಿಸಿ, ಗಡಿಯಾರ ನೋಡುತ್ತ ಕೂತಳು. ಸೊನ್ನೆಯ ಕೆಳಗಿನ ಮೂವತ್ತೊಂದರಿಂದ ಕೆಂಪು ಗೆರೆ ಮೇಲೇರಬೇಕು. ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಓಸ್ಮೊ ಎಲ್ಲಿ ಮಲಗುತ್ತಾನೆ ಎಂಬುದಿತ್ತು.

ಒಲೆಯೊಳಗೆ ಕಟ್ಟಿಗೆ ಸಿಡಿಯಿತು. ಐದು ನಿಮಿಷ. ಹತ್ತು ನಿಮಿಷ. ಸೈಮಿ ಶಾಲು ಎತ್ತುವ ಮೊದಲೇ ಅಂಕಿ ಹೇಳಿದಳು, ಅಭ್ಯಾಸದಂತೆ, ಗಟ್ಟಿಯಾಗಿ. ಆಮೇಲೆ ಎತ್ತಿ ನೋಡಿದಳು. ಸರಿಯಾಗಿತ್ತು.

"ಬದುಕಿದೆ," ಎಂದಳು. "ಆದ್ರೆ ಹೊತ್ತಿಲ್ಲ. ಇಳೀತಾ ಇದೆ."

"ಒಲೆಗೆ ಇನ್ನಷ್ಟು ತುಂಬ್ತೀನಿ."

"ಬೇಡ. ನೀನು ತುಂಬಿದಷ್ಟೂ ಮೇಲ್ಗಡೆ ಬಿಸಿಯಾಗುತ್ತೆ. ಕಂಬ ಕೀಳು. ತಾರ್ಪಾಲು ಮಂಡಿಯ ಮಟ್ಟಕ್ಕೆ ಇಳಿಬೇಕು. ಒಲೆಯ ಹತ್ತಿರ ಮಾತ್ರ ಎತ್ತರ ಇರಲಿ." ಅವಳ ಕಣ್ಣು ಕಂಬದ ಸೌನಾ ಥರ್ಮಾಮೀಟರಿನ ಮೇಲೆ ಬಿತ್ತು. "ಭಾವ, ಇವತ್ತು ಶನಿವಾರ ಅಲ್ವಾ?"

ಶನಿವಾರ ಸಂಜೆ ನಾಲ್ಕಕ್ಕೆ ಹೊಂಕವಾರದ ಏಳು ಸೌನಾಗಳೂ ಕಾದು ಸಿದ್ಧವಾಗಿರುತ್ತವೆ. ವಾರದ ದಣಿವು, ವಾರದ ಜಗಳ ಎಲ್ಲವೂ ಇಳಿಯುವುದು ಅಲ್ಲೇ. ಹೆಣದ ಮನೆಯಲ್ಲೂ ಶನಿವಾರದ ಸ್ನಾನ ತಪ್ಪುವುದಿಲ್ಲ. ಪ್ರತಿ ಒಲೆಯ ಮೇಲೂ ನೂರು ಕಿಲೋದಷ್ಟು ಕಲ್ಲು, ನೀರು ಬಿದ್ದರೆ ಚುಯ್ಯೆನ್ನುವಷ್ಟು ಬಿಸಿ.

"ಊರಿನ ಕಲ್ಲೆಲ್ಲಾ ಬೇಕು," ಎಂದಳು ಸೈಮಿ.

ನೆಸ್ಟೋರಿ ಕೋಟು ಕೂಡ ಹಾಕಿಕೊಳ್ಳದೆ, ಕಾಲಲ್ಲಿ ಒದ್ದು ಓಡಿಸುವ ಜಾರುಗಾಡಿ ಹತ್ತಿ ಹೊರಟುಹೋದ.

ಮೊದಲು ಬಂದವಳು ಪಕ್ಕದ ಮನೆಯ ಈಡಿತ್ ಅಜ್ಜಿ. ತಲೆಗೆ ಸ್ನಾನದ ಟವೆಲು ಸುತ್ತಿ, ಮೇಲೆ ತೋಳದ ಚರ್ಮದ ಟೋಪಿ ಇಟ್ಟುಕೊಂಡಿದ್ದಳು.

"ನಿನ್ನ ಭಾವನಿಗೆ ತಲೆ ಕೆಟ್ಟಿದೆಯೇನೇ ಸೈಮಿ? ಶನಿವಾರ ಸಂಜೆ ಬಂದು ಕಲ್ಲು ಕೊಡಿ ಅಂತಾನೆ. ಕಿಡ್ನಿ ಕೇಳು, ಕೊಡ್ತೀನಿ. ಸೌನಾದ ಕಲ್ಲು ಕೇಳ್ತಾರಾ ಯಾರಾದ್ರೂ?"

"ಓಸ್ಮೊನ ನೆಲ ಅಜ್ಜಿ. ಹೆಪ್ಪುಗಟ್ಟೋಕೆ ಎರಡು ಮೂರು ಗಂಟೆ ಇದೆ."

ಅಜ್ಜಿ ಡೇರೆಯೊಳಕ್ಕೆ ಇಣುಕಿದಳು. ಮಂಡಿಯ ಮಟ್ಟಕ್ಕೆ ಇಳಿದ ತಾರ್ಪಾಲನ್ನೂ ಮೂಲೆಯಲ್ಲಿದ್ದ ಶಾಲನ್ನೂ ನೋಡಿದಳು.

"ಕಲ್ಲು ಎಷ್ಟು ಹೊತ್ತು ಬಿಸಿ ಇರುತ್ತೆ?"

"ತೊಟ್ಟಿಯಲ್ಲಿ ಮುಚ್ಚಿಟ್ರೆ ಎರಡು ಗಂಟೆ."

"ಹಾಗಾದ್ರೆ ಒಲೆ ಆರಿಸಬೇಡಿ ಅಂತ ಎಲ್ಲರಿಗೂ ಹೇಳಬೇಕು. ಆ ಪೆದ್ದ ಅದನ್ನ ಹೇಳಿರಲ್ಲ." ಅಜ್ಜಿ ಹೊರಟಳು. "ಇವತ್ತು ಊರಿಗೆ ಊರೇ ನಾರುತ್ತೆ. ನಾರಲಿ ಬಿಡು."

ನಾಲ್ಕೂಕಾಲಿಗೆ ಮೊದಲ ಜಾರುಗಾಡಿ ಬಂತು. ಸತುವಿನ ತೊಟ್ಟಿಯಲ್ಲಿ ಕಲ್ಲು, ಮೇಲೆ ಒದ್ದೆ ಗೋಣಿಚೀಲ. ಆಮೇಲೆ ಒಂದರ ಹಿಂದೆ ಒಂದು. ಬಿಸಿ ತೊಟ್ಟಿ ಕಾಂಕ್ರೀಟಿಗೆ ತಾಗಬಾರದೆಂದು ಸೈಮಿ ಇಟ್ಟಿಗೆಗಳ ಮೇಲೆ ಇಡಿಸಿದಳು. ಮೂಲೆಯ ಎರಡೂ ಬದಿಗೆ, ತಳಪಾಯದ ಕಲ್ಲಿನ ಹೊರಮೈಗೆ ಒತ್ತಿ ಇನ್ನೂ ನಾಲ್ಕು ಇಡಿಸಿ ಹುಲ್ಲು ಮುಚ್ಚಿಸಿದಳು. ಓಸ್ಮೊ ಕಟ್ಟಿದ ಆ ಕಲ್ಲೇ ಹೊರಗಿನ ಚಳಿಯನ್ನು ಒಳಕ್ಕೆ ಎಳೆಯುತ್ತಿತ್ತು. ತಣ್ಣಗಾದ ಕಲ್ಲು ತಿರುಗಿ ಒಲೆಗೆ, ಕಾದದ್ದು ಇಲ್ಲಿಗೆ. ತಾರ್ಪಾಲಿನ ಕೆಳಗೆ ಈಗ ತೆವಳಿಕೊಂಡೇ ಹೋಗಬೇಕು. ಸೈಮಿ ಹಲಗೆಯ ಮೇಲೆ ಹೊಟ್ಟೆಯೂರಿ ತೆವಳಿ ಹೋಗುವಳು, ನೋಡುವಳು, ಹಿಂದಕ್ಕೆ ತೆವಳಿ ಬಂದು ಬರೆಯುವಳು. ಆರು ಗಂಟೆಗೆ ಕೆಂಪು ಗೆರೆ ಆರು ದಾಟಿತ್ತು. ರಾತ್ರಿ ಹತ್ತಕ್ಕೆ ಹನ್ನೆರಡು.

"ಹೊರಗೆ ಎಷ್ಟಿದೆ ಅಂತ ಈಗ ಹೆಂಗೆ ಗೊತ್ತಾಗೋದು?" ಎಂದು ಕಲ್ಲು ತಂದವರಲ್ಲಿ ಒಬ್ಬ ಕಿಟಕಿಯ ಬರಿ ಚೌಕಟ್ಟು ನೋಡಿ ಕೇಳಿದ.

"ನಿನ್ನ ಮೂಗು ಉದುರಿದಾಗ ಹೇಳು, ಬರ್ಕೋತೀನಿ," ಎಂದಳು ಈಡಿತ್ ಅಜ್ಜಿ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಜನ ಸೋತಿದ್ದರು. ಅಡುಗೆಮನೆಯಲ್ಲಿ, ಆ ಸೀಮೆಯ ರೂಢಿಯಂತೆ ಗಿಣ್ಣಿನ ತುಂಡು ಮುಳುಗಿಸಿದ ಕಾಫಿ ಹಿಡಿದು ಕೂತವರ ಕಣ್ಣುಗಳು ಕೆಂಪಾಗಿದ್ದವು. ಎರಡು ಮನೆಗಳಲ್ಲಿ ಒಣಕಟ್ಟಿಗೆ ಮುಗಿಯುತ್ತ ಬಂದಿತ್ತು. ನೆಸ್ಟೋರಿ ನೋಟ್‌ಬುಕ್ಕು ಎಳೆದುಕೊಂಡು ತಾನೇ ಕೂಡಿ ನೋಡಿದ.

"ಸೈಮಿ, ನಿನ್ನ ಲೆಕ್ಕದಲ್ಲಿ ತಪ್ಪಿದೆ."

"ಎಲ್ಲಿ?"

"ನಿನ್ನೆ ಒಂಬತ್ತರಿಂದ ನಾಲ್ಕರವರೆಗೆ ಏನೂ ಹಾಕಿಲ್ಲ. ನಾನೂರ ಹದಿನಾಲ್ಕರಲ್ಲಿ ನಿಲ್ಲಿಸಿ, ನಾಲ್ಕು ಗಂಟೆಗೆ ಮತ್ತೆ ಅಲ್ಲಿಂದಲೇ ಎತ್ಕೊಂಡಿದೀಯ. ಏಳು ಗಂಟೆ! ಏಳಕ್ಕೆ ಇದ್ದದ್ದು ಇಳೀತಾ ಬಂತು ಅಂತಾನೇ ಇಟ್ಕೋ. ಗಂಟೆಗೆ ಹದಿನಾಲ್ಕು ಹಿಡಿದ್ರೂ ತೊಂಬತ್ತೆಂಟು. ಅದನ್ನ ಸೇರಿಸಿದ್ರೆ ಇನ್ನೊಂದು ಗಂಟೆಗೆ ಮುಗೀತು."

ಎಲ್ಲರೂ ಅವಳ ಮುಖ ನೋಡಿದರು. ಹದಿನಾಲ್ಕು ಎಂಬುದು ತಪ್ಪಾದ ಊಹೆಯೇನೂ ಅಲ್ಲ. ಅವಳೂ ಮನಸ್ಸಿನಲ್ಲಿ ಅಷ್ಟನ್ನೇ ಹಿಡಿದಿದ್ದಳು.

"ಆ ಏಳು ಗಂಟೇಲಿ ಒಂದು ಗಂಟೆ ಸೊನ್ನೆಗೆ ಇಳಿದು ಹತ್ತಿದ್ದಿದ್ರೆ?"

"ಇಳಿದಿರಲ್ಲ."

"ನೋಡಿದೀಯಾ?"

ನೆಸ್ಟೋರಿ ನೋಟ್‌ಬುಕ್ಕನ್ನು ಅವಳ ಕಡೆಗೆ ತಳ್ಳಿದ.

"ನಾನೂ ನೋಡಿಲ್ಲ. ನೋಡದ ಗಂಟೆನ ನಾನು ಹೆಂಗೆ ಬರ್ಕೊಳ್ಳಲಿ ಭಾವ? ಹಿಂದೆ ಹೋಗಿ ನೋಡೋಕೆ ಆಗಲ್ಲ. ಮುಂದಿನ ಗಂಟೆಗಳನ್ನ ಸರಿಯಾಗಿ ಕೊಡೋಕೆ ಆಗುತ್ತೆ." ಅವಳು ಉಳಿದವರ ಕಡೆಗೆ ತಿರುಗಿದಳು. "ನಿಮ್ಮನ್ನೆಲ್ಲ ಸ್ನಾನ ಇಲ್ಲದೆ ಕೂರಿಸಿದೀನಿ, ಗೊತ್ತು. ಹೋಗೋರು ಹೋಗಿ. ನನ್ನ ಸೌನಾದ ಕಲ್ಲೊಂದರಲ್ಲೇ ನಾನು ನೋಡ್ಕೋತೀನಿ."

ಯಾರೂ ಏಳಲಿಲ್ಲ. ಕೊನೆಗೆ ಎದ್ದವನು ನೆಸ್ಟೋರಿ. ಬಾಗಿಲ ಬಳಿ ನಿಂತು ಟೋಪಿ ಹಾಕಿಕೊಂಡ.

"ನಮ್ಮ ಮನೇಲಿ ಹಳೇ ಬೇಲಿ ಇದೆ. ಬರ್ಚ್ ಮರದ್ದು, ಒಣಗಿದ್ದು. ಚೆನ್ನಾಗಿ ಉರಿಯುತ್ತೆ."

ಆ ಬೇಲಿಯ ಕಡೆಯ ಗೂಟ ಉರಿಯುವ ಹೊತ್ತಿಗೆ, ಭಾನುವಾರ ಸಂಜೆ ಆರು ಗಂಟೆಗೆ, ಮೊತ್ತ ಸಾವಿರದ ನಾಲ್ಕು ಆಯಿತು. ಸೈಮಿ ಎರಡು ಸಲ ಕೂಡಿ ನೋಡಿದಳು. ತಾರ್ಪಾಲಿನ ಕೆಳಗಿನಿಂದ ತೆವಳಿ ಬಂದು, ಒಲೆಯ ಬಾಗಿಲು ಮುಚ್ಚಿ, ಸುತ್ತಿಗೆ ಹಿಡಿದು ಮತ್ತೆ ತೆವಳಿ ಹೋಗಿ ಮೂಲೆಗೆ ಮೆಲ್ಲನೆ ಬಡಿದಳು. ನೆಲ ಠಣ್ ಎಂದಿತು. ಹೆಪ್ಪುಗಟ್ಟಿ ಕೆಟ್ಟ ಕಾಂಕ್ರೀಟು ಹಾಗೆ ಅನ್ನುವುದಿಲ್ಲ. ನಿನ್ನೆಯಿಂದ ಒಳಗೆ ತಡೆದು ನಿಲ್ಲಿಸಿದ್ದೇನೋ ಆ ಸದ್ದಿಗೆ ಸಡಿಲವಾಗಿ, ಅವಳು ಬೋರಲು ಬಕೆಟ್ಟಿನ ಮೇಲೆ ಕೂತು ಅತ್ತಳು. ಈಡಿತ್ ಅಜ್ಜಿ ಎಲ್ಲರನ್ನೂ ಹೊರಕ್ಕೆ ಅಟ್ಟಿ ಹೊರಗೆ ಕಾವಲು ನಿಂತಳು.

ಮಾರ್ಚ್ ಹದಿನಾಲ್ಕರಂದು ಓಸ್ಮೊನ ಗಾಲಿಕುರ್ಚಿ ಅಡುಗೆಮನೆಯಿಂದ ಹೊಸ ಬಚ್ಚಲಿಗೆ ಹೊಸ್ತಿಲಿಲ್ಲದ ಬಾಗಿಲಿನಲ್ಲಿ ಉರುಳಿತು. ಆ ನೆಲದ ಮೇಲೆ ಅವನು ಹತ್ತೊಂಬತ್ತು ವರ್ಷ ಗಾಲಿಯ ಮೇಲೆ ಓಡಾಡಿದ. ಸೈಮಿ ಊರ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಚಳಿಗಾಲದಲ್ಲಿ ಕಾಂಕ್ರೀಟು ಸುರಿಯಲೇಬೇಕಾದ ಸುತ್ತಲಿನ ಹಳ್ಳಿಯವರು ಅವಳ ಹತ್ತಿರ ಬರತೊಡಗಿದರು. ಅವಳು ನೋಟ್‌ಬುಕ್ಕು ತೆಗೆದುಕೊಂಡು ಹೋಗುತ್ತಿದ್ದಳು. ನೆಸ್ಟೋರಿ ಹೊಸ ಥರ್ಮಾಮೀಟರೊಂದನ್ನು ಪೇಟೆಯಿಂದ ತರಿಸಿ ಕೊಟ್ಟಿದ್ದ. ಅದನ್ನು ಹತ್ತಿ ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಹೊರುವುದು ಅವನದೇ ಕೆಲಸವಾಯಿತು.

ಹೊಸ ಬಚ್ಚಲಿನ ಸೌನಾದಲ್ಲಿ, ಅದೇ ಈಶಾನ್ಯ ಮೂಲೆಯಲ್ಲಿ ಆ ಕಿಟಕಿಯ ಥರ್ಮಾಮೀಟರು ಇಂದಿಗೂ ಇದೆ. ಹಿಮ್ಮಡಿಯ ಎತ್ತರಕ್ಕೆ ಮೊಳೆ ಹೊಡೆದು ಹಾಕಿದೆ. ಅಲ್ಲಿ ಥರ್ಮಾಮೀಟರು ಯಾಕೆ ಎಂದು ನೆಂಟರು ನಗುತ್ತಿದ್ದರು. ಹಾಗೆ ನಕ್ಕಾಗಲೆಲ್ಲ ನೆಸ್ಟೋರಿಗೆ ಕಲ್ಲಿಗೆ ನೀರೆರಚುವ ಕೆಲಸ ತುರ್ತಾಗಿ ನೆನಪಾಗುತ್ತಿತ್ತು.

ಅಂದು ಆ ಮೂಲೆಯಲ್ಲಿ ಎಷ್ಟು ಡಿಗ್ರಿ ಇತ್ತೆಂದು ಸೈಮಿ ಆಮೇಲೆ ಯಾರಿಗೂ ಹೇಳಲಿಲ್ಲ, ಒಬ್ಬನಿಗೆ ಬಿಟ್ಟು. ಮೊದಲ ಶನಿವಾರ ಓಸ್ಮೊ ಕೆಳಗಿನ ಹಲಗೆಯಲ್ಲಿ ಗೋಡೆಗೊರಗಿ ಕೂತಿದ್ದ. ಸ್ಪರ್ಶ ಗೊತ್ತಾಗದ ಅವನ ಪಾದಗಳು ಕಾಂಕ್ರೀಟಿನ ಮೇಲಿದ್ದವು.

"ನನ್ನ ಕಾಲಿಗೆ ಈಗ ಎಷ್ಟಿದೆ?"

ಸೈಮಿ ಬಗ್ಗಿ ನೋಡಿದಳು. "ಇಪ್ಪತ್ತಾರು."

"ಆ ಶನಿವಾರ ಎಷ್ಟಿತ್ತು? ಅಣ್ಣನನ್ನ ಕೇಳಿದ್ರೆ ಮಾತು ಮರೆಸ್ತಾನೆ ಅಂತ ಅಜ್ಜಿ ಹೇಳಿದ್ಲು. ನೀನು ಶಾಲು ಎತ್ತೋ ಮೊದಲೇ ಹೇಳಿದ್ಯಂತೆ."

ಅವಳು ಬೋಗುಣಿಯ ನೀರನ್ನು ಅವನ ಬೆನ್ನಿಗೆ ನಿಧಾನವಾಗಿ ಸುರಿದು, ಅಂದು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದಳು:

"ಎರಡು."